ಮೂರು ಭಾಷೆಯ ದನಿ ಫೈಲ್‌ಗಳನ್ನು ಇಂಟರ್ನೆಟ್ ಫೋನ್ ವ್ಯವಸ್ಥೆಯಲ್ಲಿ ಜೋಡಿಸುವುದು ಹೇಗೆ?

ಪ್ರಶ್ನೆ: ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರ ಸಣ್ಣ ಸಂಘ ನಮ್ಮದು. ಕಚೇರಿಯಲ್ಲಿ ಆಸ್ಟರಿಸ್ಕ್ ಎನ್ನುವ ಫೋನ್ ಸಾಫ್ಟ್‌ವೇರ್ ಹಾಕಿಕೊಂಡು ಇಂಟರ್ನೆಟ್ ಫೋನ್ ವ್ಯವಸ್ಥೆ ಮಾಡಿದ್ದೇವೆ. ಫೋನ್ ಮಾಡಿದವರಿಗೆ ದಿನದ ಕಾಫಿ ಧಾರಣೆ, ಮಳೆ ಲೆಕ್ಕ, ಕಚೇರಿ ಮಾಹಿತಿ ಸಿಗುತ್ತದೆ. ಕನ್ನಡ, ಇಂಗ್ಲಿಷ್, ಹಿಂದಿ ಮೂರೂ ಇವೆ. ಎರಡು ವರ್ಷದಲ್ಲಿ ದನಿ ಫೈಲ್‌ಗಳು 340 ಆಗಿವೆ, ಎಲ್ಲವೂ ಒಂದೇ ಫೋಲ್ಡರಿನಲ್ಲಿವೆ. ‘ವೆಲ್‌ಕಮ್ ಕನ್ನಡ ಫೈನಲ್ 2’ ಅಂತೆಲ್ಲ ಹೆಸರು. ಯಾವುದು ಹಳೆಯದು, ಯಾವುದು ಹೊಸದು ತಿಳಿಯುವುದಿಲ್ಲ. ಕನ್ನಡದಲ್ಲಿ ಮಾತು ನಡೆಯುತ್ತಿರುವಾಗ ಮಧ್ಯೆ ಇಂಗ್ಲಿಷ್ ದನಿ ಬಂದುಬಿಡುತ್ತದೆ. ಧಾರಣೆ ಓದುವ ರೀತಿ ಸರಿಯಿಲ್ಲ ಅಂತ ಹಿರಿಯರು ದೂರುತ್ತಾರೆ. ಇದನ್ನು ಹೇಗೆ ಸರಿಮಾಡುವುದು? ಮುಂದೆ ತುಳು ಸೇರಿಸುವ ಆಸೆಯೂ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಆ ‘ಫೈನಲ್ 2’ ಮೇಲೆ. ಹಾಸನದಲ್ಲಿ ಈ ಕೆಲಸ ಶುರುಮಾಡಿದ ಹೊಸದರಲ್ಲಿ ನಾನೂ ಹೀಗೇ ಹೆಸರಿಡುತ್ತಿದ್ದೆ. ಹೆಸರು ಗೋಜಲಾದರೆ ಮುಂದಿನದೆಲ್ಲ ಗೋಜಲೇ. ಹಾಗಾಗಿ ಅಲ್ಲಿಂದಲೇ ಶುರುಮಾಡೋಣ.

ನಾನು ಬಿಡದೆ ಪಾಲಿಸುವ ನಿಯಮ ಒಂದೇ. ಫೈಲಿನ ಹೆಸರಿನಲ್ಲಿ ಭಾಷೆ ಇರಬಾರದು. ಭಾಷೆ ಯಾವುದು ಅಂತ ಫೋಲ್ಡರ್ ಹೇಳಬೇಕು, ಮಾತು ಯಾವುದು ಅಂತ ಫೈಲ್ ಹೇಳಬೇಕು. ಸ್ವಾಗತದ ಮಾತಿಗೆ ಮೂರು ಭಾಷೆಯಲ್ಲೂ ಹೆಸರು ‘ಸ್ವಾಗತ’ ಅಂತಲೇ ಇರಲಿ, ಮೂರು ಬೇರೆ ಬೇರೆ ಫೋಲ್ಡರಿನಲ್ಲಿ ಇರಲಿ. ಇದರಿಂದ ಏನು ಲಾಭ ಅಂದರೆ, ನಿಮ್ಮ ಡಯಲ್‌ಪ್ಲಾನ್‌ನಲ್ಲಿ, ಅಂದರೆ ಕರೆ ಬಂದಾಗ ಏನೇನು ಆಗಬೇಕು ಅಂತ ಬರೆದಿಡುವ ಕಡೆ, ‘ಸ್ವಾಗತ ನುಡಿಸು’ ಅಂತ ಒಂದೇ ಸಾಲು ಸಾಕು. ಕರೆ ಮಾಡಿದವರ ಭಾಷೆ ಕನ್ನಡವಾಗಿದ್ದರೆ ಆಸ್ಟರಿಸ್ಕ್ ತಾನೇ ಕನ್ನಡದ ಫೋಲ್ಡರಿಗೆ ಹೋಗಿ ಆ ಹೆಸರಿನ ಫೈಲ್ ತರುತ್ತದೆ. ಈಗ ನಿಮ್ಮಲ್ಲಿ ‘ಭಾಷೆ ಕನ್ನಡವಾದರೆ ಈ ಫೈಲ್, ಹಿಂದಿಯಾದರೆ ಆ ಫೈಲ್’ ಅಂತ ಪ್ರತಿ ಜಾಗದಲ್ಲೂ ಕವಲು ಇರುತ್ತದೆ, ಅಲ್ವಾ? ಅದೆಲ್ಲ ಹೋಗುತ್ತದೆ.

ಫೈಲ್ ಇರುವ ಜಾಗ ಸಾಮಾನ್ಯವಾಗಿ ವಾರ್, ಲಿಬ್, ಆಸ್ಟರಿಸ್ಕ್, ಸೌಂಡ್ಸ್ ಎನ್ನುವ ದಾರಿ. ಸೌಂಡ್ಸ್ ಒಳಗೆ ಭಾಷೆಗೊಂದು ಫೋಲ್ಡರ್. ಕನ್ನಡಕ್ಕೆ ಕೆಎನ್, ಇಂಗ್ಲಿಷಿಗೆ ಇಎನ್, ಹಿಂದಿಗೆ ಎಚ್‌ಐ. ಇವು ಎಲ್ಲ ಕಡೆ ಬಳಸುವ ಎರಡಕ್ಷರದ ಭಾಷಾ ಸಂಕೇತಗಳು. ಕನ್ನಡ ಅಂತ ಪೂರ್ತಿ ಬರೆದರೂ ಆಸ್ಟರಿಸ್ಕ್ ಒಪ್ಪುತ್ತದೆ, ಆದರೆ ಬೇಡ. ನಾಳೆ ಇನ್ನೊಬ್ಬರು ಬಂದು ನೋಡಿದಾಗ ಗುರುತು ಸಿಗಬೇಕು. ಭಾಷೆಯ ಫೋಲ್ಡರಿನೊಳಗೆ ಸಂಖ್ಯೆಗಳಿಗೆ ‘ಡಿಜಿಟ್ಸ್’ ಅಂತ ಒಂದು ಫೋಲ್ಡರ್ ಇರುತ್ತದೆ. ನಿಮ್ಮದೇ ಮಾತುಗಳಿಗೆ ‘ಸಂಘ’ ಅಂತ ಇನ್ನೊಂದು ಮಾಡಿ. ಆಸ್ಟರಿಸ್ಕ್ ಜೊತೆಗೇ ಬಂದ ಫೈಲ್‌ಗಳೊಂದಿಗೆ ನಿಮ್ಮ ಫೈಲ್ ಯಾವತ್ತೂ ಬೆರೆಯಬಾರದು. ಹೊಸ ಆವೃತ್ತಿ ಹಾಕಿದಾಗ ಹಳೆಯದರ ಮೇಲೆ ಬರೆದುಬಿಡುವ ಅಪಾಯ ಇದೆ.

ಒಂದು ಎಚ್ಚರಿಕೆ. ತುಂಬ ಹಳೆಯ ಆಸ್ಟರಿಸ್ಕ್‌ನಲ್ಲಿ ಜೋಡಣೆ ಉಲ್ಟಾ ಇತ್ತು. ಮೊದಲು ಡಿಜಿಟ್ಸ್, ಅದರೊಳಗೆ ಭಾಷೆ. ಈಗ ಮೊದಲು ಭಾಷೆ, ಅದರೊಳಗೆ ಡಿಜಿಟ್ಸ್. ಯಾರದೋ ಹಳೆಯ ಸರ್ವರಿನಿಂದ ಫೈಲ್ ತಂದಿದ್ದರೆ ಇದನ್ನು ನೋಡಿಕೊಳ್ಳಿ. ಆಸ್ಟರಿಸ್ಕ್ ಡಾಟ್ ಕಾನ್ಫ್ ಫೈಲಿನಲ್ಲಿ ‘ಲ್ಯಾಂಗ್ವೇಜ್‌ಪ್ರಿಫಿಕ್ಸ್’ ಅಂತ ಒಂದು ಆಯ್ಕೆ ಇದೆ, ಅದು ‘ಯೆಸ್’ ಎಂದಿರಬೇಕು.

ನಾನು ಇಲ್ಲಿ ಫೈಲ್ ಹೆಸರುಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಮಾತ್ರ ಬಳಸಿ. ಕನ್ನಡ ಲಿಪಿಯಲ್ಲಿ ಫೈಲಿಗೆ ಹೆಸರಿಡುವ ಆಸೆ ನನಗೂ ಇತ್ತು. ಆದರೆ ನಮ್ಮ ಲಿಪಿಯಲ್ಲಿ ಅಕ್ಷರದ ನಡುವೆ ಕಣ್ಣಿಗೆ ಕಾಣದ ಕೂಡಿಸುವ, ಬಿಡಿಸುವ ಗುರುತುಗಳು ಸೇರಿಕೊಳ್ಳುತ್ತವೆ. ಎರಡು ಹೆಸರು ನೋಡಲು ಒಂದೇ ಥರ ಇರುತ್ತವೆ, ಕಂಪ್ಯೂಟರಿಗೆ ಬೇರೆ ಬೇರೆ. ಅದನ್ನು ಹುಡುಕುತ್ತಾ ಕೂತರೆ ದಿನ ಹೋಗುತ್ತದೆ. ದೊಡ್ಡಕ್ಷರ, ಖಾಲಿ ಜಾಗ ಎರಡೂ ಬೇಡ. ಲಿನಕ್ಸ್‌ನಲ್ಲಿ ದೊಡ್ಡಕ್ಷರದ ಹೆಸರು ಬೇರೆ, ಸಣ್ಣಕ್ಷರದ ಹೆಸರು ಬೇರೆ. ಹೆಸರಿನ ಮೊದಲ ಭಾಗ ಕೆಲಸ ಹೇಳಲಿ: ಮೆನು, ಧಾರಣೆ, ಮಳೆ, ಕಚೇರಿ, ತಪ್ಪು. ಆಮೇಲೆ ಅಡ್ಡಗೆರೆ, ಆಮೇಲೆ ವಿಷಯ. ‘ಮೆನು-ಮುಖ್ಯ’, ‘ತಪ್ಪು-ಸಂಖ್ಯೆ’, ‘ಧಾರಣೆ-ಅರೇಬಿಕಾ-ಚೆರಿ’. ಫೋಲ್ಡರ್ ತೆರೆದರೆ ಒಂದು ಕೆಲಸದ ಫೈಲ್‌ಗಳು ಒಂದೇ ಕಡೆ ಸಾಲಾಗಿ ಕೂರುತ್ತವೆ. ತಾರೀಕು, ಫೈನಲ್, ಹೊಸದು ಅನ್ನುವ ಮಾತು ಹೆಸರಿನಲ್ಲಿ ಬರಲೇಬಾರದು.

ಈಗ ನಿಮ್ಮ ಎರಡನೆಯ ತೊಂದರೆ. ಕನ್ನಡದ ಮಧ್ಯೆ ಇಂಗ್ಲಿಷ್ ಯಾಕೆ ಬರುತ್ತದೆ? ಕನ್ನಡದ ಫೋಲ್ಡರಿನಲ್ಲಿ ಆ ಹೆಸರಿನ ಫೈಲ್ ಇಲ್ಲದಿದ್ದರೆ ಆಸ್ಟರಿಸ್ಕ್ ಸುಮ್ಮನಾಗುವುದಿಲ್ಲ. ಮೊದಲೇ ನಿಗದಿಯಾದ ಭಾಷೆಗೆ, ಅಂದರೆ ಸಾಮಾನ್ಯವಾಗಿ ಇಂಗ್ಲಿಷಿಗೆ ಹೋಗಿ ಅಲ್ಲಿ ಹುಡುಕುತ್ತದೆ. ಸಿಕ್ಕಿತು ಅಂದರೆ ಅದನ್ನೇ ನುಡಿಸುತ್ತದೆ. ಆಸ್ಟರಿಸ್ಕ್ ಜೊತೆ ಬರುವ ದನಿ ಕಟ್ಟುಗಳಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್, ರಷ್ಯನ್, ಜಪಾನಿ ಇಂಥವು ಇವೆ, ಕನ್ನಡ ಇಲ್ಲ. ನೀವು ರೆಕಾರ್ಡ್ ಮಾಡದೆ ಬಿಟ್ಟ ಪ್ರತಿ ಮಾತೂ ಇಂಗ್ಲಿಷಿನಲ್ಲಿ ಬರುತ್ತದೆ.

ಇದರಲ್ಲಿ ತೊಡಕು ಏನೆಂದರೆ, ಹೀಗೆ ಇಂಗ್ಲಿಷಿಗೆ ಜಾರಿದಾಗ ಲಾಗ್‌ನಲ್ಲಿ ಯಾವ ದೂರೂ ಬೀಳುವುದಿಲ್ಲ. ಫೈಲ್ ಸಿಕ್ಕಿತಲ್ಲ! ಯಾವ ಭಾಷೆಯಲ್ಲೂ ಇಲ್ಲದಿದ್ದರೆ ಮಾತ್ರ ‘ಯಾವ ರೂಪದಲ್ಲೂ ಈ ಫೈಲ್ ಇಲ್ಲ’ ಎನ್ನುವ ಅರ್ಥದ ಎಚ್ಚರಿಕೆ ಕಾಣುತ್ತದೆ. ಹಾಗಾಗಿ ಫೋಲ್ಡರ್‌ಗಳನ್ನು ನೀವೇ ಹೋಲಿಸಿ ನೋಡಬೇಕು. ಮೂರು ‘ಸಂಘ’ ಫೋಲ್ಡರ್‌ಗಳ ಹೆಸರುಪಟ್ಟಿ ತೆಗೆದು, ಎರಡು ಪಟ್ಟಿಗಳನ್ನು ಹೋಲಿಸುವ ‘ಡಿಫ್’ ಆಜ್ಞೆಗೆ ಎರಡೆರಡಾಗಿ ಕೊಡಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದು ಕೂಡಲೇ ಕಾಣುತ್ತದೆ. ಹೆಸರು ಎಲ್ಲ ಭಾಷೆಯಲ್ಲೂ ಒಂದೇ ಆಗಿರುವುದರಿಂದಲೇ ಇದು ಸಾಧ್ಯ. ಆಸ್ಟರಿಸ್ಕ್‌ನದೇ ಮಾತುಗಳಲ್ಲಿ ನಿಮಗೆ ಯಾವುವು ಬೇಕು ಅಂತ ತಿಳಿಯಲು ಆಸ್ಟರಿಸ್ಕ್‌ಗೆ ಆಜ್ಞೆ ಕೊಡುವ ಪರದೆಯಾದ ಕನ್ಸೋಲ್‌ನಲ್ಲಿ ವರ್ಬೋಸ್ ಮಟ್ಟ, ಅಂದರೆ ಎಷ್ಟು ವಿವರ ತೋರಿಸಬೇಕು ಅನ್ನುವುದು, 3 ಇಟ್ಟು, ನೀವೇ ಫೋನ್ ಮಾಡಿ ಎಲ್ಲ ಮೆನುವಿನಲ್ಲೂ ಒಮ್ಮೆ ಓಡಾಡಿ. ನುಡಿಸುತ್ತಿರುವ ಪ್ರತಿ ಫೈಲಿನ ಹೆಸರು ಪರದೆ ಮೇಲೆ ಬರುತ್ತದೆ. ಅದನ್ನು ಬರೆದುಕೊಳ್ಳಿ. ನಿಮ್ಮಂಥ ಸಣ್ಣ ವ್ಯವಸ್ಥೆಗೆ ಆ ಪಟ್ಟಿ ಉದ್ದ ಇರುವುದಿಲ್ಲ.

ಈಗ ಧಾರಣೆಗೆ ಬರೋಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ಉದಾಹರಣೆಗೆ ಧಾರಣೆ 25,340 ರೂಪಾಯಿ ಅಂದುಕೊಳ್ಳಿ. ಆಸ್ಟರಿಸ್ಕ್‌ಗೆ ಕೆಲವು ಭಾಷೆಗಳ ಸಂಖ್ಯಾ ವ್ಯಾಕರಣ ಗೊತ್ತು. ಗೊತ್ತಿಲ್ಲದ ಭಾಷೆ ಬಂದರೆ ಇಂಗ್ಲಿಷಿನ ಕ್ರಮವನ್ನೇ ಬಳಸುತ್ತದೆ. ಕನ್ನಡ ಅದಕ್ಕೆ ಗೊತ್ತಿಲ್ಲ. ಹಾಗಾಗಿ ನಿಮ್ಮ ಕನ್ನಡ ಫೈಲ್‌ಗಳನ್ನು ಇಂಗ್ಲಿಷ್ ದಾರಕ್ಕೆ ಪೋಣಿಸುತ್ತದೆ: ‘ಇಪ್ಪತ್ತು. ಐದು. ಸಾವಿರ. ಮೂರು. ನೂರು. ನಲವತ್ತು.’ ಸಕಲೇಶಪುರದ ಹತ್ತಿರ ಒಂದು ಕಡೆ ಇಂಥದ್ದೇ ವ್ಯವಸ್ಥೆ ಹಾಕಿದ್ದೆ. ವಯಸ್ಸಾದ ಬೆಳೆಗಾರರೊಬ್ಬರು ಫೋನ್ ಕಿವಿಗಿಟ್ಟು ಕೇಳಿ, ‘ಇಪ್ಪತ್ತೋ ಐದು ಸಾವಿರವೋ, ಸರಿಯಾಗಿ ಹೇಳ್ಸಪ್ಪಾ’ ಅಂದರು. ಅವರ ಮಾತು ನ್ಯಾಯವಾಗಿತ್ತು. ಬೆಳೆ ಮಾರುವವರಿಗೆ ಆ ಅಂಕಿಯೇ ಮುಖ್ಯ. ಅದು ಒಮ್ಮೆ ಕೇಳಿದಾಗಲೇ ಅರ್ಥವಾಗಬೇಕು.

ಕನ್ನಡದಲ್ಲಿ ಅದು ‘ಇಪ್ಪತ್ತೈದು ಸಾವಿರದ ಮುನ್ನೂರ ನಲವತ್ತು’. ಇಪ್ಪತ್ತು, ಐದು ಸೇರಿ ಇಪ್ಪತ್ತೈದು ಆಗುತ್ತದೆ. ಮೂರು ನೂರು ಮುನ್ನೂರು ಆಗುತ್ತದೆ. ಮುಂದೆ ಇನ್ನೊಂದು ಸಂಖ್ಯೆ ಇದ್ದರೆ ಮುನ್ನೂರು ಹೋಗಿ ಮುನ್ನೂರ ಆಗುತ್ತದೆ, ಸಾವಿರ ಹೋಗಿ ಸಾವಿರದ ಆಗುತ್ತದೆ. ಈ ಸಂಧಿಯನ್ನು ಯಂತ್ರಕ್ಕೆ ಕಲಿಸುವ ಗೋಜಿಗೆ ಹೋಗಬೇಡಿ. ಸಂಧಿಯಾದ ರೂಪಗಳನ್ನೇ ರೆಕಾರ್ಡ್ ಮಾಡಿಬಿಡಿ. ಲೆಕ್ಕ ಹಾಕಿ ನೋಡಿ: ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ 100 ಫೈಲ್. ನೂರರಿಂದ ಒಂಬೈನೂರರವರೆಗೆ ನೂರುಗಳು ಒಂಬತ್ತು, ತಲಾ ಎರಡು ರೂಪದಲ್ಲಿ: ನೂರು, ನೂರ, ಇನ್ನೂರು, ಇನ್ನೂರ, ಹೀಗೆ 18. ಸಾವಿರ, ಸಾವಿರದ, ಲಕ್ಷ, ಲಕ್ಷದ, ಇವು ನಾಲ್ಕು. ಒಟ್ಟು 122. ಒಂದು ಮಧ್ಯಾಹ್ನದ ಕೆಲಸ. ಇಷ್ಟಿದ್ದರೆ ಕೋಟಿಯ ಕೆಳಗಿನ ಯಾವ ಅಂಕಿಯನ್ನಾದರೂ ನಮ್ಮವರು ಹೇಳುವ ಹಾಗೇ ಹೇಳಿಸಬಹುದು.

ಜೋಡಿಸುವ ನಿಯಮ ಬರೆಯಲು ‘ಸೇ ಡಾಟ್ ಕಾನ್ಫ್’ ಎನ್ನುವ ಫೈಲ್ ಇದೆ. ಅದರಲ್ಲಿ ಮೋಡ್ ಅನ್ನು ‘ನ್ಯೂ’ ಎಂದು ಮಾಡಿ, ಕೆಎನ್ ಎನ್ನುವ ತಲೆಬರಹದ ಕೆಳಗೆ ನಿಯಮ ಬರೆಯಿರಿ. ಎರಡಂಕಿಯ ಸಂಖ್ಯೆ ಬಂದರೆ ಅದೇ ಹೆಸರಿನ ಫೈಲ್ ನುಡಿಸಬೇಕು. ಮೂರಂಕಿ ಬಂದು ಕೊನೆಯ ಎರಡೂ ಸೊನ್ನೆಯಾಗಿದ್ದರೆ ‘ಮುನ್ನೂರು’, ಇಲ್ಲದಿದ್ದರೆ ‘ಮುನ್ನೂರ’ ನುಡಿಸಿ ಉಳಿದ ಎರಡಂಕಿಗೆ ಹೋಗಬೇಕು. ನಾಲ್ಕು, ಐದಂಕಿ ಬಂದರೆ ಮುಂದಿನ ಭಾಗ ಹೇಳಿ, ಆಮೇಲೆ ಕೊನೆಯ ಮೂರಂಕಿ ನೋಡಿ ಸಾವಿರ ಅಥವಾ ಸಾವಿರದ. 25,040ರಂಥ ಸಂಖ್ಯೆಯಲ್ಲಿ ಉಳಿದ ಭಾಗದ ಮುಂದೆ ಸೊನ್ನೆ ಬರುತ್ತದೆ. ಆ ಸೊನ್ನೆ ಬಿಟ್ಟು ಮುಂದಕ್ಕೆ ಹೋಗುವ ನಿಯಮ ಒಂದು ಬೇಕು, ಇದನ್ನು ಮರೆಯುವವರೇ ಜಾಸ್ತಿ. ಮೊದಲು ಹೊಂದಿಕೆಯಾದ ನಿಯಮವೇ ಗೆಲ್ಲುವುದರಿಂದ ಸೊನ್ನೆಗಳ ನಿಯಮ ಮೇಲೆ, ಸಾಮಾನ್ಯ ನಿಯಮ ಕೆಳಗೆ ಇರಲಿ. ಹಿಂದಿಗೂ ಹೀಗೇ. ಅಲ್ಲೂ ಒಂದರಿಂದ ತೊಂಬತ್ತೊಂಬತ್ತು ಪ್ರತಿಯೊಂದೂ ಬೇರೆ ಪದ, ಆದರೆ ಸೌ, ಹಜಾರ್ ರೂಪ ಬದಲಾಗುವುದಿಲ್ಲ. ಹಾಗಾಗಿ ಕನ್ನಡಕ್ಕಿಂತ ಸುಲಭ.

ವಿಭಕ್ತಿಯ ವಿಷಯದಲ್ಲೂ ಒಂದು ಉಪಾಯ ಹೇಳುತ್ತೇನೆ. ಧಾರಣೆಯನ್ನು ‘ಇಷ್ಟರಿಂದ ಇಷ್ಟರವರೆಗೆ’ ಅಂತ ಹೇಳಬೇಕಾಗುತ್ತದೆ. ‘ಮುನ್ನೂರ ನಲವತ್ತರಿಂದ’ ಅಂತ ಹೇಳಿಸಲು ಹೊರಟರೆ ಪ್ರತಿ ಸಂಖ್ಯೆಗೂ ಮತ್ತೊಂದು ರೂಪ ಬೇಕು. ಅದರ ಬದಲು ಸಂಖ್ಯೆಯನ್ನು ಬರಿದಾಗಿ ಬಿಡಿ, ಪ್ರತ್ಯಯವನ್ನು ರೂಪಾಯಿಗೆ ಅಂಟಿಸಿ. ‘ರೂಪಾಯಿ’, ‘ರೂಪಾಯಿಯಿಂದ’, ‘ರೂಪಾಯಿವರೆಗೆ’ ಮೂರೇ ಫೈಲ್ ಸಾಕು. ಮೆನುವಿನಲ್ಲಿ ಬರುವ ‘ಒಂದನ್ನು ಒತ್ತಿ’, ‘ಎರಡನ್ನು ಒತ್ತಿ’ ಇವನ್ನು ಮಾತ್ರ ತುಂಡು ಮಾಡಬೇಡಿ. ‘ಕಾಫಿ ಧಾರಣೆಗೆ ಒಂದನ್ನು ಒತ್ತಿ’ ಅನ್ನುವುದು ಇಡಿಯಾಗಿ ಒಂದೇ ಫೈಲ್ ಇರಲಿ. ಮಳೆ ಲೆಕ್ಕಕ್ಕೂ ಸಂಖ್ಯೆಯ ಇದೇ ಫೈಲ್‌ಗಳು ಸಾಕು. ನಮ್ಮ ಕಡೆ ಬೆಳೆಗಾರರು ಮಳೆಯನ್ನು ಇಂಚು, ಸೆಂಟ್ಸ್‌ನಲ್ಲೇ ಹೇಳುವುದು, ಅಂದರೆ ಇಂಚಿನ ನೂರನೇ ಒಂದು ಭಾಗ. ಹೂಮಳೆ ಬಿದ್ದ ದಿನ ‘ಒಂದು ಇಂಚು ಇಪ್ಪತ್ತು ಸೆಂಟ್ಸ್’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಮಿಲಿಮೀಟರ್ ಬೇಡ.

ಪೂರ್ತಿ ವಾಕ್ಯದ ವಿಷಯ. ಕನ್ನಡದಲ್ಲಿ ‘ಅರೇಬಿಕಾ ಪಾರ್ಚ್‌ಮೆಂಟ್, ಐವತ್ತು ಕೆಜಿ ಮೂಟೆಗೆ ಇಷ್ಟು ರೂಪಾಯಿ’ (ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ). ಇಂಗ್ಲಿಷಿನಲ್ಲಿ ಮೊತ್ತ ಮೊದಲು ಬರುತ್ತದೆ, ಮೂಟೆ ಕೊನೆಗೆ. ಒಂದೇ ಕ್ರಮ ಎರಡಕ್ಕೂ ಆಗುವುದಿಲ್ಲ. ಆದ್ದರಿಂದ ಧಾರಣೆ ಹೇಳುವುದಕ್ಕೆ ಭಾಷೆಗೊಂದು ಪುಟ್ಟ ಸಬ್‌ರೂಟೀನ್, ಅಂದರೆ ಬೇಕಾದಾಗ ಕರೆದುಕೊಳ್ಳುವ ಆಜ್ಞೆಗಳ ಸಣ್ಣ ಕಟ್ಟು, ಬರೆಯಿರಿ. ಮುಖ್ಯ ಡಯಲ್‌ಪ್ಲಾನ್ ‘ಧಾರಣೆ ಹೇಳು’ ಅಂತಷ್ಟೇ ಹೇಳಿ ಮುಂದೆ ಹೋಗಲಿ. ಭಾಷೆಯ ವ್ಯತ್ಯಾಸವೆಲ್ಲ ಆ ಮೂರು ಸಬ್‌ರೂಟೀನ್‌ಗಳ ಒಳಗೇ ಇರಲಿ, ಹೊರಗೆ ಎಲ್ಲೂ ಬೇಡ.

ಆಸ್ಟರಿಸ್ಕ್‌ನ ವಾಯ್ಸ್‌ಮೇಲ್ ಬಳಸುವುದಾದರೆ ಅದರೊಳಗಿನ ಕ್ರಮವನ್ನು ನೀವು ಬದಲಿಸಲು ಆಗುವುದಿಲ್ಲ. ಅದು ‘ನಿಮಗೆ ಇವೆ’ ಎನ್ನುವ ಫೈಲಿನಿಂದ ಶುರುಮಾಡಿ, ಸಂಖ್ಯೆ, ‘ಹೊಸ’, ‘ಸಂದೇಶಗಳು’ ಅಂತ ಸಾಲಾಗಿ ನುಡಿಸುತ್ತದೆ. ಮೊದಲ ಫೈಲಿಗೆ ‘ನಿಮಗೆ’, ಕೊನೆಯದಕ್ಕೆ ‘ಸಂದೇಶಗಳಿವೆ’ ಅಂತ ಹೇಳಿಸಿದರೆ ‘ನಿಮಗೆ ಮೂರು ಹೊಸ ಸಂದೇಶಗಳಿವೆ’ ಅಂತ ಚೆನ್ನಾಗಿ ಬರುತ್ತದೆ. ನಾನೂ ಮೊದಲು ಹಾಗೇ ಮಾಡಿದ್ದೆ. ಆದರೆ ಏನೂ ಸಂದೇಶ ಇಲ್ಲದಾಗ ಅದೇ ಕೊನೆಯ ಫೈಲನ್ನು ‘ಇಲ್ಲ’ ಎನ್ನುವುದರ ಮುಂದೆ ನುಡಿಸುತ್ತದೆ. ‘ನಿಮಗೆ ಇಲ್ಲ ಸಂದೇಶಗಳಿವೆ’ ಆಗುತ್ತದೆ. ತುಂಬ ತಲೆ ಕೆಡಿಸಿಕೊಂಡ ಮೇಲೆ ದಾರಿ ಸಿಕ್ಕಿತು. ಕ್ರಿಯಾಪದವನ್ನು ಮುಂದಕ್ಕೆ ತನ್ನಿ. ಮೊದಲ ಫೈಲಿಗೆ ‘ನಿಮಗೆ ಬಂದಿರುವುದು’, ಕೊನೆಯದಕ್ಕೆ ‘ಸಂದೇಶಗಳು’, ಇಲ್ಲ ಎನ್ನುವುದಕ್ಕೆ ‘ಸೊನ್ನೆ’. ‘ನಿಮಗೆ ಬಂದಿರುವುದು ಮೂರು ಹೊಸ ಸಂದೇಶಗಳು.’ ‘ನಿಮಗೆ ಬಂದಿರುವುದು ಸೊನ್ನೆ ಸಂದೇಶಗಳು.’ ಎರಡನೆಯದು ಅಷ್ಟು ಸೊಗಸಾಗಿಲ್ಲ, ಆದರೆ ತಪ್ಪು ಅರ್ಥ ಕೊಡುವುದಿಲ್ಲ.

ರೆಕಾರ್ಡಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. 122 ಸಂಖ್ಯೆಯನ್ನು ಒಂದೊಂದಾಗಿ ಓದಿಸಿದರೆ ಪ್ರತಿಯೊಂದರ ಕೊನೆಗೂ ದನಿ ಇಳಿಯುತ್ತದೆ. ಜೋಡಿಸಿದಾಗ ಪ್ರತಿ ತುಂಡಿನಲ್ಲೂ ಮಾತು ಮುಗಿದ ಹಾಗೆ ಕೇಳುತ್ತದೆ. ಅದಕ್ಕೆ ‘ಮೂಟೆಗೆ ಇಪ್ಪತ್ತೈದು ರೂಪಾಯಿ’, ‘ಮೂಟೆಗೆ ಇಪ್ಪತ್ತಾರು ರೂಪಾಯಿ’ ಅಂತ ವಾಕ್ಯದಲ್ಲಿಟ್ಟು ಓದಿಸಿ, ನಡುವಿನದನ್ನು ಕತ್ತರಿಸಿಕೊಳ್ಳಿ. ‘ಸಾವಿರದ’, ‘ಮುನ್ನೂರ’ ಇವನ್ನೂ ಮುಂದೆ ಇನ್ನೊಂದು ಸಂಖ್ಯೆ ಇಟ್ಟೇ ಓದಿಸಿ. ತುಂಡಿನ ಹಿಂದೆ ಮುಂದೆ ಮೌನ ಉಳಿಯದ ಹಾಗೆ ಬಿಗಿಯಾಗಿ ಕತ್ತರಿಸಿ. ಇನ್ನೊಂದು ಮಾತು: ಸಾಮಾನ್ಯ ಫೋನ್ ಲೈನ್‌ನಲ್ಲಿ ಹಾಯುವುದು ಸುಮಾರು 300ರಿಂದ 3,400 ಹರ್ಟ್ಸ್ ಒಳಗಿನ ಸದ್ದು ಮಾತ್ರ. ಸೂಕ್ಷ್ಮ ವ್ಯತ್ಯಾಸ ಅಳಿಸಿಹೋಗುತ್ತದೆ. ‘ಇಪ್ಪತ್ತು’, ‘ಎಪ್ಪತ್ತು’ ಎರಡಕ್ಕೂ ವ್ಯತ್ಯಾಸ ಮೊದಲ ಸ್ವರ ಒಂದೇ. ಓದುವವರಿಗೆ ಹೇಳಿ, ಆ ಸ್ವರವನ್ನು ನುಂಗದೆ ಬಿಡಿಸಿ ಹೇಳಲಿ. ಮುಗಿದ ಮೇಲೆ ಇವೆರಡನ್ನು ಮಾತ್ರ ಹಳೆಯ ಕೀಪ್ಯಾಡ್ ಮೊಬೈಲ್‌ನಲ್ಲಿ ಕೇಳಿ ನೋಡಿ.

ಜಾಗ ಎಲ್ಲಿ ಅಂತ ಕೇಳುತ್ತೀರಿ. ಮಳೆಗಾಲದಲ್ಲಿ ನಿಮ್ಮ ಕಡೆ ಹಂಚಿನ ಮನೆ, ಜಿಂಕ್ ಶೀಟಿನ ಕೆಳಗೆ ರೆಕಾರ್ಡಿಂಗ್ ಆಗುವ ಮಾತಲ್ಲ. ನಾವು ಒಮ್ಮೆ ಫೆಬ್ರವರಿಯಲ್ಲಿ ಕಾಫಿ ಗೋದಾಮಿನಲ್ಲೇ ಮಾಡಿದೆವು. ಪಾರ್ಚ್‌ಮೆಂಟ್ ತುಂಬಿದ ಗೋಣಿಚೀಲಗಳನ್ನು ಎರಡೂ ಕಡೆ ಆಳೆತ್ತರ ಒಟ್ಟಿದ್ದರು. ನಡುವಿನ ಓಣಿಯಲ್ಲಿ ಒಂದು ಸ್ಟೂಲ್ ಹಾಕಿ, ಓದುವ ಹುಡುಗಿಯನ್ನು ಕೂರಿಸಿ, ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಟ್ಟೆವು. ಹೊರಗೆ ಕಣದಲ್ಲಿ ಕಾಫಿ ಹರಡುವ ಸದ್ದು ಇತ್ತು, ಒಳಗೆ ಅದು ಕೇಳಲೇ ಇಲ್ಲ. ಚಪ್ಪಾಳೆ ತಟ್ಟಿದರೆ ಮರುದನಿ ಬರಲಿಲ್ಲ. ಗೋಣಿ ಎಲ್ಲವನ್ನೂ ಹೀರಿಕೊಂಡಿತ್ತು. ಇವತ್ತಿಗೂ ನನ್ನ ಹತ್ತಿರ ಇರುವ ಒಳ್ಳೆಯ ಕನ್ನಡ ಸಂಖ್ಯೆಗಳು ಅವೇ. ವಾಟ್ಸಾಪ್‌ನಲ್ಲಿ ದನಿ ಕಳಿಸಿ ಅಂತ ಮಾತ್ರ ಯಾರಿಗೂ ಹೇಳಬೇಡಿ. ಅದು ಮೊದಲೇ ಹಿಂಡಿ ಕಳಿಸಿದ ಸದ್ದು, ಫೋನ್ ಲೈನ್‌ನಲ್ಲಿ ಇನ್ನೊಮ್ಮೆ ಹಿಂಡಿದಾಗ ಒಡೆಯುತ್ತದೆ.

ಮೂಲ ರೆಕಾರ್ಡಿಂಗ್ 48,000 ಹರ್ಟ್ಸ್ ವೇವ್ ರೂಪದಲ್ಲೇ ಇರಲಿ, ಅದನ್ನು ಬೇರೆ ಫೋಲ್ಡರಿನಲ್ಲಿ ಜೋಪಾನ ಮಾಡಿ. ಆಸ್ಟರಿಸ್ಕ್‌ಗೆ ಕೊಡುವ ಪ್ರತಿ ಮಾತ್ರ 8,000 ಹರ್ಟ್ಸ್, 16 ಬಿಟ್, ಮೋನೊ. ‘ಸಾಕ್ಸ್’ ಎನ್ನುವ ಉಚಿತ ಸಾಫ್ಟ್‌ವೇರ್ ಈ ಕೆಲಸ ಮಾಡುತ್ತದೆ, ಒಂದು ಸಣ್ಣ ಲೂಪ್‌ನಲ್ಲಿ ಪ್ರತಿ ಫೈಲಿಗೂ ಅದನ್ನು ಓಡಿಸಿದರೆ ಇಡೀ ಫೋಲ್ಡರ್ ಬದಲಾಗುತ್ತದೆ. ಒಂದು ನಿಮಿಷದ ದನಿಗೆ ಸುಮಾರು 960 ಕಿಲೋಬೈಟ್, ಜಾಗದ ಚಿಂತೆ ಇಲ್ಲ.

ಬೇರೆ ಬೇರೆ ರೂಪದ ಫೈಲ್‌ಗಳ ವಿಷಯದಲ್ಲಿ ನನಗೆ ಪಾಠವಾದದ್ದು ಹೀಗೆ. ಒಂದು ಕಚೇರಿಯಲ್ಲಿ ಸಮಯ ಬದಲಾಗಿತ್ತು. ಹೊಸದಾಗಿ ಓದಿಸಿ, ವೇವ್ ಫೈಲ್ ಬದಲಿಸಿ, ಮೇಜಿನ ಫೋನ್‌ನಿಂದ ಕೇಳಿದೆ, ಸರಿ ಇತ್ತು. ವಾರವಿಡೀ ಹೊರಗಿನವರಿಗೆ ಹಳೆಯ ಸಮಯವೇ ಕೇಳುತ್ತಿತ್ತು. ಜನ ದೂರದಿಂದ ಬಂದು ಬೀಗ ಹಾಕಿದ ಬಾಗಿಲು ನೋಡಿ ವಾಪಸು ಹೋದರು. ಕಾರಣ ಏನು ಗೊತ್ತೇ? ಅದೇ ಹೆಸರಿನ ಹಳೆಯ ಎ-ಲಾ ಫೈಲ್ ಅದೇ ಫೋಲ್ಡರಿನಲ್ಲಿ ಉಳಿದಿತ್ತು. ಎ-ಲಾ ಅಂದರೆ ಫೋನ್ ಲೈನ್‌ನಲ್ಲಿ ದನಿ ಕಳಿಸುವ ಒಂದು ರೂಪ. ಒಂದೇ ಹೆಸರಿನ ಫೈಲ್ ಹಲವು ರೂಪದಲ್ಲಿದ್ದರೆ, ನಡೆಯುತ್ತಿರುವ ಕರೆಗೆ ಯಾವುದು ಹತ್ತಿರವೋ ಅದನ್ನು ಆಸ್ಟರಿಸ್ಕ್ ಆರಿಸುತ್ತದೆ. ಹೊರಗಿನ ಲೈನ್ ಎ-ಲಾ ಆಗಿತ್ತು, ನನ್ನ ಮೇಜಿನ ಫೋನ್ ಜಿ 722 ಎನ್ನುವ ಇನ್ನೊಂದು ರೂಪದ್ದಾಗಿತ್ತು. ಅದಕ್ಕೇ ನನಗೆ ಹೊಸದು, ಅವರಿಗೆ ಹಳೆಯದು. ನೀವು ಒಂದೇ ರೂಪ ಇಟ್ಟುಕೊಳ್ಳಿ, ವೇವ್ ಸಾಕು. ನಿಮ್ಮ ಸರ್ವರಿಗೆ ಅದರಿಂದ ಭಾರವಾಗುವುದಿಲ್ಲ. ಪರೀಕ್ಷೆಯನ್ನು ಯಾವಾಗಲೂ ಹೊರಗಿನ ಮೊಬೈಲ್‌ನಿಂದ ಮಾಡಿ.

ಫೈಲ್ ಬದಲಿಸಿದ ಮೇಲೆ ಆಸ್ಟರಿಸ್ಕ್ ಮತ್ತೆ ಶುರುಮಾಡಬೇಕಿಲ್ಲ, ಮುಂದಿನ ಕರೆಗೆ ಹೊಸದೇ ಬರುತ್ತದೆ. ಹೊಸ ಫೈಲನ್ನು ಮೊದಲು ಅಲ್ಲೇ ಬೇರೆ ಹೆಸರಲ್ಲಿ ಇಳಿಸಿ, ಆಮೇಲೆ ಹೆಸರು ಬದಲಿಸಿ ಹಳೆಯದರ ಮೇಲೆ ಕೂರಿಸಿ. ಆಗ ಕೇಳುತ್ತಿರುವವರಿಗೆ ಅರ್ಧ ಫೈಲ್ ಸಿಗುವುದಿಲ್ಲ. ಆಸ್ಟರಿಸ್ಕ್ ಬಳಕೆದಾರನಿಗೆ ಓದುವ ಅನುಮತಿ ಇದೆಯಾ ಅಂತಲೂ ನೋಡಿ.

ಇನ್ನು ‘ಫೈನಲ್ 2’ ಎಲ್ಲಿಗೆ ಹೋಗಬೇಕು? ಒಂದು ಶೀಟಿಗೆ. ಪ್ರತಿ ಫೈಲಿಗೂ ಒಂದು ಸಾಲು: ಹೆಸರು, ಎಲ್ಲಿ ಬಳಕೆ, ಕನ್ನಡದ ಪಠ್ಯ, ಹಿಂದಿಯ ಪಠ್ಯ, ಇಂಗ್ಲಿಷಿನ ಪಠ್ಯ, ಯಾರ ದನಿ, ಯಾವ ತಾರೀಕು. ಪಠ್ಯ ಅಂದರೆ ಓದಿದವರು ನಿಜವಾಗಿ ಹೇಳಿದ ಮಾತು, ಅಕ್ಷರಕ್ಕೆ ಅಕ್ಷರ. ಓದುವಾಗ ಅವರು ‘ಒತ್ತಿರಿ’ ಬದಲು ‘ಒತ್ತಿ’ ಅಂದಿದ್ದರೆ ಶೀಟಿನಲ್ಲೂ ‘ಒತ್ತಿ’ ಅಂತಲೇ ಇರಲಿ. ಹಳೆಯ ಫೈಲ್‌ಗಳ ಇತಿಹಾಸ ಉಳಿಸಿಕೊಳ್ಳಲು ಗಿಟ್ ಎನ್ನುವ ಸಾಫ್ಟ್‌ವೇರ್ ಬಳಸಿ. ಗಿಟ್ ಬರದಿದ್ದರೆ ತಾರೀಕಿನ ಹೆಸರಲ್ಲಿ ಒಂದು ಹಳೆಯ ಫೋಲ್ಡರ್ ಮಾಡಿ, ಆದರೆ ಸೌಂಡ್ಸ್‌ನ ಹೊರಗೆ. ನಿಮ್ಮ 340 ಫೈಲನ್ನು ಈ ಶೀಟಿಗೆ ಇಳಿಸಲು ಇಬ್ಬರು ಕೂತರೆ ಎರಡು ದಿನ ಬೇಕು: ಒಬ್ಬರು ಕೇಳಬೇಕು, ಒಬ್ಬರು ಬರೆಯಬೇಕು. ಈ ಎರಡು ದಿನ ಉಳಿಸಲು ಹೋಗಬೇಡಿ. ಬರೆಯುತ್ತಾ ಹೋದ ಹಾಗೆ ಅರ್ಧಕ್ಕೂ ಹೆಚ್ಚು ಫೈಲ್ ಬೇಡದವು ಅಂತ ನಿಮಗೇ ಗೊತ್ತಾಗುವ ಸಾಧ್ಯತೆ ಇದೆ.

ಮಾತಿನ ಆಯ್ಕೆ ಬಗ್ಗೆ ಒಂದೇ ಕೋರಿಕೆ. ‘ನಿಮ್ಮ ಆಯ್ಕೆಯನ್ನು ನಮೂದಿಸಿ’ ಅನ್ನಬೇಡಿ, ‘ನಂಬರ್ ಒತ್ತಿ’ ಅನ್ನಿ. ‘ಹ್ಯಾಷ್ ಒತ್ತಿ’ ಅಂದರೆ ಎಷ್ಟೋ ಹಿರಿಯರಿಗೆ ತಿಳಿಯದು. ‘ಸೊನ್ನೆಯ ಬಲಗಡೆ ಇರುವ ಬಟನ್ ಒತ್ತಿ’ ಅಂದರೆ ಕೀಪ್ಯಾಡ್ ಇರುವ ಎಲ್ಲರಿಗೂ ಸಿಗುತ್ತದೆ.

ಭಾಷೆ ಆರಿಸುವ ಮೊದಲ ಮೆನುವಿನಲ್ಲಿ ಕರೆ ಮಾಡಿದವರು ಇನ್ನೂ ಯಾವ ಭಾಷೆಯನ್ನೂ ಆರಿಸಿರುವುದಿಲ್ಲ. ಅಲ್ಲಿ ಪ್ರತಿ ಸಾಲೂ ಅದರದರ ಭಾಷೆಯಲ್ಲೇ ಇರಬೇಕು. ‘ಹಿಂದಿಗೆ ಎರಡನ್ನು ಒತ್ತಿ’ ಅಂತ ಕನ್ನಡದಲ್ಲಿ ಹೇಳಿದರೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರಿಗೆ ಏನು ಉಪಯೋಗ? ‘ಹಿಂದೀ ಕೇ ಲಿಯೇ ದೋ ದಬಾಯೇ’ ಅಂತ ಹಿಂದಿಯಲ್ಲೇ ಹೇಳಿಸಿ. ಈ ಸಾಲುಗಳನ್ನು ಯಾವ ಭಾಷೆಯ ಫೋಲ್ಡರಿಗೂ ಹಾಕದೆ ನೇರವಾಗಿ ಸೌಂಡ್ಸ್ ಕೆಳಗೆ ‘ಆಯ್ಕೆ’ ಎನ್ನುವ ಫೋಲ್ಡರಿನಲ್ಲಿ ಇಡಿ. ಕರೆ ಮಾಡಿದವರು ಒಮ್ಮೆ ಆರಿಸಿದ ಮೇಲೆ ಅವರ ನಂಬರಿನ ಜೊತೆ ಆ ಭಾಷೆಯನ್ನು ಆಸ್ಟರಿಸ್ಕ್‌ನ ಒಳಗಿನ ಡೇಟಾಬೇಸ್‌ನಲ್ಲಿ ಬರೆದಿಡಿ. ಮುಂದಿನ ಸಲ ನೇರವಾಗಿ ಧಾರಣೆಯ ಮೆನುವಿಗೆ ಹೋಗಬಹುದು. ಭಾಷೆ ಬದಲಿಸಲು ಒಂಬತ್ತನ್ನು ಬಿಟ್ಟಿರಿ.

ಕೊನೆಗೆ ತುಳು. ತುಳುವಿಗೆ ಟಿಸಿವೈ ಎನ್ನುವ ಮೂರಕ್ಷರದ ಸಂಕೇತ ಇದೆ. ಆ ಹೆಸರಿನ ಫೋಲ್ಡರ್ ಮಾಡಿದರೆ, ರೆಕಾರ್ಡ್ ಮಾಡದ ಮಾತೆಲ್ಲ ಇಂಗ್ಲಿಷಿಗೆ ಜಾರುತ್ತದೆ. ನಿಮ್ಮ ಕಡೆಯ ತುಳು ಮಾತಿನವರಿಗೆ ಕನ್ನಡ ಬರುತ್ತದೆ, ಹಾಗಾಗಿ ಇಲ್ಲದ್ದು ಕನ್ನಡದಲ್ಲೇ ಬರಬೇಕು. ಅದಕ್ಕೆ ಸುಲಭದ ದಾರಿ ಇದೆ. ಫೋಲ್ಡರಿಗೆ ‘ಕೆಎನ್ ಅಂಡರ್‌ಸ್ಕೋರ್ ಟಿಸಿವೈ’ ಅಂತ ಹೆಸರಿಡಿ, ಕರೆಯ ಭಾಷೆಯನ್ನೂ ಹಾಗೇ ನಿಗದಿ ಮಾಡಿ. ಆಸ್ಟರಿಸ್ಕ್ ಆ ಫೋಲ್ಡರಿನಲ್ಲಿ ಫೈಲ್ ಸಿಗದಿದ್ದರೆ ಅಂಡರ್‌ಸ್ಕೋರ್‌ನಿಂದ ಮುಂದಿನದನ್ನು ಕತ್ತರಿಸಿ, ಉಳಿದ ಕೆಎನ್‌ನಲ್ಲಿ ಹುಡುಕುತ್ತದೆ. ಇಂಗ್ಲಿಷಿಗೆ ಹೋಗುವುದು ಅದಾದ ಮೇಲೆ. ಮೊದಲು ಸ್ವಾಗತ, ಮುಖ್ಯ ಮೆನು, ತಪ್ಪು ನಂಬರ್ ಒತ್ತಿದಾಗಿನ ಮಾತು, ಕಚೇರಿ ಸಮಯ, ಇಷ್ಟನ್ನು ತುಳುವಿನಲ್ಲಿ ಓದಿಸಿ. ಧಾರಣೆಯ ಅಂಕಿ ಸದ್ಯಕ್ಕೆ ಕನ್ನಡದಲ್ಲೇ ಬರಲಿ. ಬರುವ ಫೆಬ್ರವರಿಯಲ್ಲಿ ಗೋದಾಮು ತುಂಬಿದಾಗ ಕೂತು ತುಳುವಿನ ಸಂಖ್ಯೆಗಳನ್ನು ಓದಿಸಿಕೊಳ್ಳಿ. ಫೈಲ್ ಆ ಫೋಲ್ಡರಿಗೆ ಬಿದ್ದ ಮರುಗಳಿಗೆಯಿಂದ ಅವೇ ಕೇಳುತ್ತವೆ. ತುಳುವಿನಲ್ಲಿ ಸಂಖ್ಯೆ ಕೂಡಿಸುವ ರೀತಿಗೆ ಸೇ ಡಾಟ್ ಕಾನ್ಫ್‌ನಲ್ಲಿ ಅದರದೇ ತಲೆಬರಹ ಬೇಕಾಗುತ್ತದೆ. ಅದನ್ನು ಮನೆಯಲ್ಲಿ ತುಳು ಮಾತಾಡುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯಿರಿ.